824 ÷ 4 ಕ್ಕೆ 26 ಅಂತ ಬರೆಯುವ ನಾಲ್ಕನೇ ಕ್ಲಾಸಿನ ಮಗಳು

ಮಗ್ಗಿ ಬರುತ್ತೆ, ಆದರೂ 206ರ ಬದಲು 26 ಬರೆಯುತ್ತಾಳೆ ಅಂದರೆ ಜಾರುತ್ತಿರುವುದು ನಡುವಿನ ಸೊನ್ನೆ. ಹತ್ತರ ಸ್ಥಾನದ 2ರಲ್ಲಿ 4 ಹೋಗುವುದಿಲ್ಲ ಅಂತ ಸರಿಯಾಗೇ ಗುರುತಿಸುತ್ತಾಳೆ. ಮೇಲೆ 0 ಹಾಕದೆ ಪಕ್ಕದ 4 ಇಳಿಸಿಕೊಂಡು 24 ಮಾಡಿಬಿಡುತ್ತಾಳೆ.

ಮೊದಲು ಪೆನ್ಸಿಲ್ ಮುಟ್ಟಿಸದೆ ಅಂದಾಜು ಕೇಳಿ. 4 × 200 = 800, ಹಾಗಾದರೆ ಉತ್ತರ 200ಕ್ಕಿಂತ ಕಡಿಮೆ ಇರಬಹುದಾ?

ಆಮೇಲೆ ಕಾಗದದ ಚೂರುಗಳಲ್ಲಿ ನೋಟು ಮಾಡಿ: ನೂರರ ಎಂಟು, ಹತ್ತರ ಎರಡು, ಒಂದರ ನಾಲ್ಕು. ಚಿಲ್ಲರೆಗೆ ಒಂದರದ್ದೇ ಇನ್ನೂ ಇಪ್ಪತ್ತು ಇರಲಿ. ನಾಲ್ವರಿಗೆ ಹಂಚಲಿ. ನೂರರದ್ದು ತಲಾ ಎರಡು. ಹತ್ತರ ಎರಡು ನೋಟು ನಾಲ್ವರಿಗೆ ಸಾಲದು, ತಲಾ ಸೊನ್ನೆ. ಇಲ್ಲೇ ನಿಲ್ಲಿಸಿ, ಆ ಸೊನ್ನೆಯನ್ನು ಅವಳ ಕೈಯಲ್ಲೇ ಬರೆಸಿ. ಅವೆರಡನ್ನೂ ಚಿಲ್ಲರೆ ಮಾಡಿಸಿದರೆ ಒಟ್ಟು 24, ತಲಾ 6.

ಪುಸ್ತಕದಲ್ಲಿ ಚೌಕಕ್ಕೊಂದೇ ಅಂಕಿ, ಭಾಗಲಬ್ಧದ ಮೇಲೆ ನೂ, ಹ, ಬಿ (ನೂರು, ಹತ್ತು, ಬಿಡಿ) ಅಂತ ಗುರುತು. ಒಂದು ಅಂಕಿ ಇಳಿಸಿದರೆ ಮೇಲೊಂದು ಅಂಕಿ ಬರಲೇಬೇಕು, ಅದು 0 ಆದರೂ ಸರಿ. (324 ÷ 4ರಂಥದ್ದರಲ್ಲಿ ಮೊದಲ 3ಕ್ಕೂ 0 ಹಾಕಿದರೆ ಬೈಯಬೇಡಿ. 081 ಅಂದರೂ 81 ತಾನೆ!)

ದಿನಕ್ಕೆ ನಾಲ್ಕು ಲೆಕ್ಕ ಸಾಕು: 618 ÷ 6, 749 ÷ 7, 927 ÷ 3, 843 ÷ 4. ಕೊನೆಯದು ಸ್ವಲ್ಪ ಕಷ್ಟ: 210, ಶೇಷ 3. ಅದಕ್ಕೆ 21 ಬರೆದರೆ 21 × 4 + 3 ಗುಣಿಸಿ ಕೂಡಲು ಹೇಳಿ. 87 ಬಂದದ್ದು ನೋಡಿ ಅವಳೇ ತಿದ್ದಿಕೊಳ್ಳಲಿ. 96 ÷ 4ರಲ್ಲೂ ತಪ್ಪಿದರೆ ಮಾತ್ರ ಇದು ಸೊನ್ನೆಯ ತೊಂದರೆಯಲ್ಲ, ಆಗ ಕಳೆಯುವ ಹಂತ ನೋಡಿ.