ಅಡಿನೋಸಿನ್ ಕುರಿತ ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

‘ಅಡಿನೋಸಿನ್: ದೇಹದ ಶಕ್ತಿಮೂಲ’ ಎಂಬ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ವಿಷಯ ಒಳ್ಳೆಯದಿರುವುದರಿಂದ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಿದ್ದೇನೆ.

ತೊಡಕು ಶೀರ್ಷಿಕೆಯಿಂದಲೇ ಶುರುವಾಗುತ್ತದೆ. ಸಾರಜನಕವುಳ್ಳ ಪ್ಯೂರಿನ್ ಎಂಬ ಅಣುಕುಲಕ್ಕೆ ಸೇರಿದ ಅಡಿನಿನ್‌ಗೆ ರೈಬೋಸ್ ಸಕ್ಕರೆ ಸೇರಿದರೆ ಅಡಿನೋಸಿನ್ ಆಗುತ್ತದೆ. ಅದಕ್ಕೆ ಮೂರು ಫಾಸ್ಫೇಟ್‌ಗಳು ಸಾಲಾಗಿ ಕೂಡಿಕೊಂಡಾಗ ಮಾತ್ರ ಜೀವಕೋಶಗಳು ಶಕ್ತಿಗಾಗಿ ಖರ್ಚು ಮಾಡುವ ಎಟಿಪಿ (ಅಡಿನೋಸಿನ್ ಟ್ರೈಫಾಸ್ಫೇಟ್) ಆಗುತ್ತದೆ. ಎಟಿಪಿಯ ಖರ್ಚು ಏರಿ ಆಮ್ಲಜನಕ ಸಾಲದಾದಾಗ ಅಡಿನೋಸಿನ್ ಹೆಚ್ಚುತ್ತದೆಯಾದ್ದರಿಂದ, ಅದು ಶಕ್ತಿಯ ಮೂಲವಲ್ಲ, ಕೊರತೆಯ ಸೂಚನೆ. ‘ಅಡಿನೋಸಿನ್ ಹೆಚ್ಚಿದಷ್ಟೂ ಚೈತನ್ಯ ಹೆಚ್ಚು’ ಎಂಬ ನಿಮ್ಮ ವಾಕ್ಯ ವಾಸ್ತವಕ್ಕೆ ತದ್ವಿರುದ್ಧವಾಗಿದೆ. ನಾವು ಎಚ್ಚರವಿದ್ದಷ್ಟು ಹೊತ್ತೂ ಅದು ಮಿದುಳಿನಲ್ಲಿ ಹೆಚ್ಚುತ್ತಾ ಹೋಗಿ ನಿದ್ದೆ ತರಿಸುತ್ತದೆ. ಕಾಫಿಯಲ್ಲಿರುವ ಕೆಫೀನ್, ತಾನೂ ಪ್ಯೂರಿನ್ ಕುಲಕ್ಕೆ ಸೇರಿದ್ದು, ಅಡಿನೋಸಿನ್‌ನ ಗ್ರಾಹಕಗಳಲ್ಲಿ (ಅದು ಬಂದು ಅಂಟಿಕೊಳ್ಳುವ ಜೀವಕೋಶದ ತಾಣಗಳಲ್ಲಿ) ತಾನೇ ಹೋಗಿ ಕುಳಿತು ಆ ನಿದ್ದೆಯನ್ನು ತಡೆಯುತ್ತದೆ.

ಲೇಖನದ ಜೀವಾಳವೆನಿಸಬೇಕಾದದ್ದು ಕೊನೆಯ ಪುಟದಲ್ಲಿ ಒಂದೇ ವಾಕ್ಯವಾಗಿ ಅಡಗಿದೆ: ‘ಹೃದಯದ ವೇಗ ತಗ್ಗಿಸಲೂ ಬಳಸುತ್ತಾರೆ.’ ಆರಂಭಿಸಬೇಕಾದದ್ದು ಇಲ್ಲಿಂದ. ಅಡಿನೋಸಿನ್ ಮತ್ತು ಅದರ ಬಳಗದ ಸಂಯುಕ್ತಗಳು ಹೃದಯಬಡಿತವನ್ನು ನಿಧಾನಗೊಳಿಸುವುದನ್ನು ಡ್ರೂರಿ ಮತ್ತು ಸೆಂಟ್-ಜಾರ್ಜಿ ಎಂಬ ವಿಜ್ಞಾನಿಗಳು 1929ರಲ್ಲಿ ವರದಿ ಮಾಡಿದರು. (ಅದೇ ವರ್ಷದ ಎಟಿಪಿ ಶೋಧದಲ್ಲಿ ಜೀವರಸಾಯನ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ಪಾಲಿನ ಬಗ್ಗೆ ನೀವು ಬರೆದಿರುವ ಪುಟ ಸೊಗಸಾಗಿದೆ, ಆದರೆ ಅದು ಬೇರೆಯೇ ಲೇಖನ.) ಹೃದಯದ ಮೇಲ್ಕೋಣೆಗಳಿಗೂ ಕೆಳಕೋಣೆಗಳಿಗೂ ನಡುವೆ ಬಡಿತದ ಸಂಕೇತ ದಾಟಿಸುವ ತಾಣವಾದ ಎವಿ ನೋಡ್‌ನಲ್ಲಿ ವಿದ್ಯುತ್ ಸಂಕೇತ ಸುತ್ತು ಹಾಕತೊಡಗಿ ಬಡಿತ ಒಮ್ಮೆಲೇ ವಿಪರೀತ ಏರಿದಾಗ, ಅಡಿನೋಸಿನ್ ಅಲ್ಲಿನ ಎ1 ಎಂಬ ಬಗೆಯ ಗ್ರಾಹಕಗಳ ಮೂಲಕ ಜೀವಕೋಶದ ಪೊಟ್ಯಾಸಿಯಂ ಮಾರ್ಗಗಳನ್ನು ತೆರೆಸಿ ಸಂಕೇತದ ಸಂಚಾರವನ್ನು ಕ್ಷಣಕಾಲ ತಡೆಯುತ್ತದೆ, ಸುತ್ತು ಕಡಿಯುತ್ತದೆ. ಆಗ ಇಸಿಜಿಯಲ್ಲಿ ಕೆಲವು ಸೆಕೆಂಡು ಬಡಿತವೇ ಕಾಣದಿರಬಹುದು. ಸತ್ತೇಹೋಗುವೆನೆಂಬ ಭಯ ರೋಗಿಯನ್ನು ಆವರಿಸುವುದುಂಟು. ಇದನ್ನು ಮುಂಚೆಯೇ ಹೇಳಿಡುವುದು ವೈದ್ಯರ ರೂಢಿ.

ರಕ್ತದಲ್ಲಿ ಅಡಿನೋಸಿನ್ ಅರ್ಧಾಯು (ಅರ್ಧದಷ್ಟು ಇಲ್ಲವಾಗಲು ಹಿಡಿಯುವ ಸಮಯ) 10 ಸೆಕೆಂಡಿಗೂ ಕಡಿಮೆ. ಕೆಂಪು ರಕ್ತಕಣಗಳೂ ರಕ್ತನಾಳದ ಒಳಪದರವೂ ಅದನ್ನು ಹೀರಿಕೊಳ್ಳುತ್ತವೆ. ಅಡಿನೋಸಿನ್ ಡಿಅಮಿನೇಸ್ (ಎಡಿಎ) ಕಿಣ್ವ ಅದನ್ನು ಇನೋಸಿನ್ ಎಂಬ ಬೇರೆ ವಸ್ತುವಾಗಿಸುತ್ತದೆ. ಕಡೆಗೆ ಉಳಿಯುವುದು ಯೂರಿಕ್ ಆಮ್ಲ. ಹೀಗಾಗಿ ವಯಸ್ಕರಿಗೆ ಸಾಮಾನ್ಯವಾಗಿ 6 ಮಿಲಿಗ್ರಾಂ ಔಷಧವನ್ನು ತೋಳಿನ ದೊಡ್ಡ ಅಭಿಧಮನಿಗೆ ರಭಸದಿಂದ ಚುಚ್ಚಿ, ಬೆನ್ನಿಗೇ ಸಲೈನ್ ನೂಕುತ್ತಾರೆ. ಫಲಿಸದಿದ್ದರೆ 12 ಮಿಲಿಗ್ರಾಂ. ಇಷ್ಟು ಬೇಗ ಕರಗಿಹೋಗುವ ವಸ್ತುವನ್ನು ‘ದಿನಕ್ಕೊಂದು ಮಾತ್ರೆಯಾಗಿ ಸೇವಿಸಿದರೆ ಆಯಾಸ ನೀಗುತ್ತದೆ’ ಎಂದು ನೀವು ಬರೆದಿರುವ ಭಾಗವನ್ನು ಪೂರ್ತಿ ತೆಗೆದುಹಾಕಿ.

ಬಿಟ್ಟುಹೋಗಿರುವ ಎಚ್ಚರಿಕೆಗಳೂ ಇವೆ: ಆಸ್ತಮಾ ಇದ್ದವರಲ್ಲಿ ಶ್ವಾಸನಾಳ ಕುಗ್ಗಬಹುದು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಡೈಪಿರಿಡಮೋಲ್ ಔಷಧ ಇದರ ಪರಿಣಾಮವನ್ನು ಹೆಚ್ಚಿಸುತ್ತದೆ, ಆಸ್ತಮಾಕ್ಕೆ ಕೊಡುವ ಥಿಯೋಫಿಲಿನ್ ತಗ್ಗಿಸುತ್ತದೆ. ಅಡಿನೋಸಿನ್ ಬಳಸಿ ಹೃದಯದ ರಕ್ತಸಂಚಾರ ಪರೀಕ್ಷಿಸುವ ಮುನ್ನ ಕಾಫಿ-ಚಹಾ ನಿಲ್ಲಿಸಲು ಹೇಳುವುದೇಕೆ ಎಂಬುದು, ಕೆಫೀನ್ ಬಗ್ಗೆ ಮೊದಲೇ ವಿವರಿಸಿದ್ದರೆ, ಓದುಗರಿಗೆ ತಾನಾಗಿ ಹೊಳೆಯುತ್ತದೆ. ಶ್ವಾಸಕೋಶದ ಸುತ್ತ ನೀರು ತುಂಬಿದಾಗ ಕ್ಷಯದ ಪತ್ತೆಗೆ ನಮ್ಮ ಆಸ್ಪತ್ರೆಗಳಲ್ಲಿ ಮಾಡಿಸುವ ‘ಎಡಿಎ’ ಪರೀಕ್ಷೆ ಅಳೆಯುವುದು ಮೇಲೆ ಹೇಳಿದ ಡಿಅಮಿನೇಸ್ ಕಿಣ್ವವನ್ನೇ; ಅದಕ್ಕೊಂದು ಪ್ಯಾರಾ ಕೊಡಿ.

ತಿದ್ದಿದ ಪ್ರತಿಯನ್ನು ಹೃದ್ರೋಗ ವೈದ್ಯರೊಬ್ಬರಿಗೆ ತೋರಿಸಿ ಕಳುಹಿಸಿದರೆ ಮತ್ತೆ ಪರಿಶೀಲಿಸುತ್ತೇನೆ.

ಇಂತಿ,
ಸಂಪಾದಕ