ತೀರಿಹೋದ ಅತ್ತೆಯನ್ನು ಮಕ್ಕಳು ಮರೆಯದ ಹಾಗೆ ಮಾಡೋದು ಹೇಗೆ?

ನಿಮ್ಮ ಅಕ್ಕ ತೀರಿಕೊಂಡು ಮೂರು ತಿಂಗಳಾಯ್ತು, ಮಕ್ಕಳು ಇನ್ನೂ ಚಿಕ್ಕವರು, ಅತ್ತೆಯನ್ನು ಮರೆತುಬಿಡ್ತಾರೇನೋ ಅಂತ ಭಯ ಅಂತ ಬರೆದಿದ್ದೀರಿ. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನನ್ನ ಅಕ್ಕ ಹೋಗಿ ಮೂರು ವರ್ಷ ಆಯ್ತು, ನನಗೂ ಇದೇ ಭಯ ಇತ್ತು.

ನಾವು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಫೋಟೋ ದೊಡ್ಡದು ಮಾಡಿಸಿ, ಹಾರ ಹಾಕಿ, ಗೋಡೆಗೆ ಹಾಕಿದೆವು. ಅದರಲ್ಲಿ ಅಕ್ಕ ಯಾರದೋ ಮದುವೆಗೆ ರೇಷ್ಮೆ ಸೀರೆ ಉಟ್ಟು ಬಿಗಿಯಾಗಿ ನಿಂತಿದ್ದಾಳೆ. ನನ್ನ ಮಗ ಕಂಡ ಅತ್ತೆ ಅವಳಲ್ಲವೇ ಅಲ್ಲ. ಅವನ ಅತ್ತೆ ಹಳೇ ನೈಟಿ ಮೇಲೆ ಟವೆಲ್ ಹೊದ್ದು, ಸೊಪ್ಪಿನ ಕರೆ ಹಿಡಿದ ಕೈಯಲ್ಲೇ ಅವನ ಕೆನ್ನೆ ಹಿಂಡುತ್ತಿದ್ದವಳು. ಅದಕ್ಕೇ ಹೇಳ್ತಿದ್ದೀನಿ, ನಿಮ್ಮ ಅಕ್ಕ ದಿನಾ ಏನು ಕೆಲಸ ಮಾಡುತ್ತಿದ್ದರೋ ಅದನ್ನು ಮಕ್ಕಳಿಗೆ ಹೇಳಿ, ಆಗೋದಾದರೆ ಕರೆದುಕೊಂಡು ಹೋಗಿ ತೋರಿಸಿ.

ನಮ್ಮ ಅಕ್ಕನನ್ನು ಕೊಟ್ಟಿದ್ದು ಕನಕಪುರದ ಕಡೆ ಒಂದು ಹಳ್ಳಿಗೆ. ಒಂದೂವರೆ ಎಕರೆ ಹಿಪ್ಪುನೇರಳೆ, ಮನೆಗೆ ಅಂಟಿಕೊಂಡೇ ಹುಳು ಮನೆ. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತೆ, ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಹುಳು ನಾಲ್ಕನೇ ಜ್ವರದಿಂದ ಎದ್ದಿದೆ ಅಂದರೆ ಆ ವಾರ ಅಕ್ಕ ಫೋನ್ ಎತ್ತೋದಿಲ್ಲ ಅಂತಲೇ ಅರ್ಥ. ಇಡೀ ಬೆಳೆಯಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಆ ಕೊನೇ ಏಳೆಂಟು ದಿನದಲ್ಲೇ ಖಾಲಿಯಾಗುತ್ತೆ. ರಾತ್ರಿ ಸೊಪ್ಪು ಕೊಟ್ಟು ಮಲಗಿದರೆ ಕೋಳಿ ಕೂಗುವ ಮೊದಲೇ ಮತ್ತೆ ಏಳಬೇಕು. ಹುಳುವಿಗೆ ಸಪ್ಪೆ ರೋಗವೋ ಹಾಲುತೊಂಡೆ ರೋಗವೋ ಬಂತು ಅಂದರೆ ತಿಂಗಳ ಕೆಲಸ ತಿಪ್ಪೆಗೆ ಹೋಯ್ತು.

ಮಗನಿಗೆ ಐದು ವರ್ಷ ಇದ್ದಾಗ ಬೇಸಿಗೆ ರಜೆಗೆ ಅಲ್ಲಿದ್ದ. ಮಧ್ಯರಾತ್ರಿ ಎದ್ದು "ಅತ್ತೆ, ಮಳೆ ಬರ್ತಿದೆ" ಅಂದನಂತೆ. ಅದು ಮಳೆಯಲ್ಲ, ಹುಳುಗಳು ಸೊಪ್ಪು ತಿನ್ನುವ ಸದ್ದು. ಅಕ್ಕ ಬೈಯಲಿಲ್ಲ. ಕೈಕಾಲು ತೊಳೆಸಿ, ಕಂಕುಳಲ್ಲಿ ಎತ್ತಿಕೊಂಡು ಒಳಗೆ ಹೋದಳು. ಎರಡು ದಿನ ಬಿಟ್ಟು ಹುಳು ಹಣ್ಣಾಯ್ತು. ಒಂದು ಹುಳುವನ್ನು ಅಂಗೈಯಲ್ಲಿಟ್ಟು ಬಲ್ಬಿಗೆ ಹಿಡಿದು "ನೋಡು ಮಗ, ಒಳಗೆ ಗಾಜಿನ ಥರ ಕಾಣುತ್ತಲ್ಲ, ಇನ್ನು ಇದು ಸೊಪ್ಪು ಮುಟ್ಟಲ್ಲ, ಮನೆ ಕಟ್ಟುತ್ತೆ" ಅಂದಳು. ಅಕ್ಕಪಕ್ಕದ ಮನೆಯವರೆಲ್ಲ ಬಂದು ಹಣ್ಣು ಹುಳು ಆರಿಸಿ ಗೂಡು ಕಟ್ಟುವ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡುತ್ತಿದ್ದರೆ ಇವನೂ ಒಂದೊಂದೇ ಹುಳು ಎತ್ತಿ ಬಿಡುತ್ತಿದ್ದ. ಈಗ ಅವನಿಗೆ 12. ಫೋಟೋ ನೋಡಿ ಅವನು ಏನೂ ಹೇಳೋದಿಲ್ಲ. ಆದರೆ ರಾತ್ರಿ ಜೋರಾಗಿ ಅಲ್ಲದ, ಸೋನೆ ಮಳೆ ಶುರುವಾದರೆ "ಅತ್ತೆ ಮನೆ ಸದ್ದು" ಅಂತಾನೆ.

ಇನ್ನೊಂದು ವಿಷಯ. ಅಕ್ಕನನ್ನು ದೇವರು ಮಾಡಬೇಡಿ. ಅವರ ಸಿಟ್ಟನ್ನೂ ಹೇಳಿ. ನನ್ನಕ್ಕನಿಗೆ ಮೂಗಿನ ತುದೀಲಿ ಸಿಟ್ಟು. ಒಂದು ವರ್ಷ ಗೌರಿ ಹಬ್ಬಕ್ಕೆ ರಜೆ ಸಿಗಲಿಲ್ಲ ಅಂತ ಬಾಗಿನ ತಗೊಂಡು ಹೋಗದೆ ಫೋನಲ್ಲೇ 2,000 ರೂಪಾಯಿ ಹಾಕಿದೆ. ಹತ್ತು ನಿಮಿಷದಲ್ಲಿ ವಾಪಸ್ ಬಂತು. "ದುಡ್ಡು ನನ್ನ ಹತ್ರಾನೂ ಇದೆ. ತವರಿಂದ ಯಾರೂ ಬರಲಿಲ್ಲ ಅಂತ ಬೀದಿ ಹೆಂಗಸರ ಮುಂದೆ ನಾನು ಏನು ಹೇಳ್ಲಿ?" ಅಂತ ಮಗಳ ಕೈಲಿ ಹೇಳಿಸಿದಳು. ದೀಪಾವಳಿ ತನಕ ಮಾತಿಲ್ಲ. ಆಮೇಲೆ ನಾನು ಒಂದು ವರ್ಷವೂ ತಪ್ಪಿಸಲಿಲ್ಲ.

ಅವಳು ಹೋದ ರೀತಿಯನ್ನೂ ಮಕ್ಕಳಿಂದ ಮುಚ್ಚಿಡಲಿಲ್ಲ. ಎದೆಯಲ್ಲಿ ಗಂಟು ಕಾಣಿಸಿದಾಗ ಯಾರಿಗೂ ಹೇಳಲಿಲ್ಲ. ಮಗಳಿಗೆ ಗೊತ್ತಾಗಿ ಒತ್ತಾಯ ಮಾಡಿದರೆ "ಈ ಬೆಳೆ ಇಳೀಲಿ, ಹೋಗ್ತೀನಿ" ಅಂದಳು. ಆ ಬೆಳೆ ಇಳೀತು, ಗೂಡು ರಾಮನಗರದ ಮಾರುಕಟ್ಟೆಗೆ ಹೋಯ್ತು, ಮತ್ತೆ ಚಾಕಿ ಹುಳು, ಅಂದರೆ ಮರಿ ಹುಳು, ಬಂತು. ಹೀಗೆ ಮೂರು ಬೆಳೆ. ಡಾಕ್ಟರ ಹತ್ತಿರ ಹೋಗೋ ಹೊತ್ತಿಗೆ ಆರು ತಿಂಗಳು ಕಳೆದಿತ್ತು. ಹುಳುವಿನ ಮೈ ಬಣ್ಣ ಒಂಚೂರು ಬದಲಾದರೂ ಗುರುತಿಸುತ್ತಿದ್ದವಳು ತನ್ನ ಮೈ ನೋಡಿಕೊಳ್ಳಲಿಲ್ಲ. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತೆ. ನನ್ನ ಮಗಳಿಗೆ ಇದನ್ನು ಬಿಡಿಸಿ ಹೇಳಿದ್ದೀನಿ. ನೀವೂ ಮನೆ ಹೆಣ್ಣುಮಕ್ಕಳಿಗೆ ಹೇಳಿ.

ವರ್ಷ ತುಂಬುವ ತನಕ ಆ ಮನೆಯಲ್ಲಿ ಹಬ್ಬ ಇರಲಿಲ್ಲ. ಮಾರನೇ ವರ್ಷ ಗೌರಿ ಹಬ್ಬ ಹತ್ತಿರ ಬಂದಾಗ ಬಾಗಿನ ಯಾರಿಗೆ ಕೊಡೋದು ಅಂತ ತೋಚದೆ ಕೂತಿದ್ದೆ. ನನ್ನ ಹೆಂಡತಿಯೇ "ಅವಳ ಮಗಳಿದ್ದಾಳಲ್ಲ" ಅಂದಳು. ಜೊತೆ ಮೊರಕ್ಕೆ ಅರಿಶಿನ ಹಚ್ಚಿ, ಅಕ್ಕಿ, ಬೇಳೆ, ಬೆಲ್ಲ, ರವೆ, ತೆಂಗಿನಕಾಯಿ, ರವಿಕೆ ಕಣ, ಬಳೆ, ಬಾಚಣಿಗೆ, ಕನ್ನಡಿ ಎಲ್ಲ ಮಕ್ಕಳ ಕೈಲೇ ಜೋಡಿಸಿದೆವು. ಪ್ರತಿಯೊಂದನ್ನು ಇಡುವಾಗಲೂ ಅತ್ತೆ ಅದನ್ನು ಏನು ಮಾಡುತ್ತಿದ್ದಳು, ಯಾವುದು ಕಡಿಮೆಯಾದರೆ ಹೇಗೆ ಮುಖ ಮಾಡುತ್ತಿದ್ದಳು ಅಂತ ಹೇಳಿದೆ.

ಅಕ್ಕನ ಮಗಳು ಮೇಲಿನ ಮೊರ ಎತ್ತಿ ಒಂದೊಂದೇ ನೋಡಿದಳು. ಆಮೇಲೆ ತಲೆ ಎತ್ತಿ "ಬಿಚ್ಚೋಲೆ ಎಲ್ಲಿ ಮಾಮ?" ಅಂದಳು.

ಬಾಗಿನದಲ್ಲಿ ಇಡುವ ಆ ಮಂಗಳದ ಸಾಮಾನು ಮರೆತೇ ಹೋಗಿತ್ತು. ನಾನು ಬಾಯಿ ತೆಗೆಯುವ ಮೊದಲೇ ನನ್ನ ಮಗ "ಅತ್ತೆ ಆಗಿದ್ರೆ ವಾಪಸ್ ಕಳಿಸ್ತಿದ್ರು" ಅಂತ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಬೀದಿ ಕೊನೇ ಅಂಗಡಿಗೆ ಓಡಿದ.