ಹತ್ತುವ ಕಾಲಿಗೆ ಇಳಿಯುವ ಭಯ

ನಾನು ಆಪ್ತಸಮಾಲೋಚಕಿ. ಮನೆಯಿಂದ ಹೊರಬರುವುದನ್ನೇ ಬಿಟ್ಟ ಹಿರಿಯರ ಪ್ರಕರಣ ಪ್ರತಿ ಮಳೆಗಾಲ ಮುಗಿದ ಮೇಲೆ ನನ್ನ ಹತ್ತಿರ ಒಂದಾದರೂ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ತೀರ್ಥಹಳ್ಳಿ ಕಡೆಯ ಅಮ್ಮ, ವಯಸ್ಸು 72. ಯಜಮಾನರು ತೀರಿಕೊಂಡು ಎರಡು ವರ್ಷ. ಮನೆ ಕೆಳಗೆ ತೋಟದಲ್ಲಿ, ಟಾರ್ ರಸ್ತೆ ಮೇಲ್ಗಡೆ. ನಡುವೆ ದರೆ (ಮಣ್ಣಿನ ದಿಬ್ಬ) ಕಡಿದು ಮಾಡಿದ ಏರುದಾರಿ. ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುತ್ತಿದ್ದವರು ಒಂದು ವರ್ಷದಿಂದ ಅಂಗಳ ದಾಟಿರಲಿಲ್ಲ. ಬೆಂಗಳೂರಿನಲ್ಲಿರುವ ಮಗ ಕರೆದುಕೊಂಡು ಬಂದಿದ್ದರು. "ಅಪ್ಪ ಹೋದ ಮೇಲೆ ಅಮ್ಮ ಮಂಕಾಗಿದ್ದಾರೆ ಮೇಡಂ. ನನ್ನ ಫ್ಲ್ಯಾಟಲ್ಲಿ ಲಿಫ್ಟ್ ಇದೆ, ಏರಿಲ್ಲ, ಇಳಿಜಾರಿಲ್ಲ. ಬಾ ಅಂದ್ರೆ ಬರಲ್ಲ. ನೀವೇ ಒಪ್ಪಿಸಿ."

ಎರಡು ಭೇಟಿ ನಾನೂ ಆ ದುಃಖದ ಬಗ್ಗೆಯೇ ಮಾತಾಡಿಸಿದೆ.

ಮೂರನೇ ಸಲ ಅವರು ಬಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ನಮ್ಮಲ್ಲಿ ಆರು ಮೆಟ್ಟಿಲಿವೆ. ಕಂಬಿ ಮುಟ್ಟದೆ ಸಲೀಸಾಗಿ ಹತ್ತಿ ಬಂದರು. ಹೋಗುವಾಗ ನೋಡಿದರೆ ಬೇರೆಯವರೇ. ಅಡ್ಡಕ್ಕೆ ತಿರುಗಿ, ಎರಡೂ ಕೈಲಿ ಕಂಬಿ ಹಿಡಿದು, ಒಂದು ಪಾದ ಇಳಿಸಿ, ಇನ್ನೊಂದನ್ನು ಅದರ ಪಕ್ಕಕ್ಕೆ ತಂದು, ನಿಂತು, ಮತ್ತೆ ಬಗ್ಗಿ ನೋಡುತ್ತಿದ್ದರು. ಮಗ ಕಾರು ತರಲು ಹೋಗಿದ್ದರು. ನಾನು ಕೆಳಗಿಳಿದು ಅವರ ಪಕ್ಕ ಮೆಟ್ಟಿಲ ಮೇಲೆ ಕೂತೆ.

"ಹತ್ತೋಕೆ ಏನೂ ಹೆದರಿಕೆ ಇಲ್ಲ" ಅಂದರು. "ವಾಪಸ್ ಇಳೀಬೇಕಲ್ಲ, ಅದು ನೆನಪಾದ್ರೆ ಹೊರಡೋಕೇ ಮನಸ್ಸಾಗಲ್ಲ." ಸ್ವಲ್ಪ ಹೊತ್ತು ಬಿಟ್ಟು ಇನ್ನೂ ಸಣ್ಣ ದನಿಯಲ್ಲಿ ಹೇಳಿದರು: "ಹೋದ ಆಷಾಢದಲ್ಲಿ ಪಾಚಿ ಮೇಲೆ ಜಾರಿ ಬಿದ್ದೆ. ಅವನಿಗೆ ಹೇಳಿಲ್ಲ. ಹೇಳಿದ್ರೆ ಅವತ್ತೇ ಕರ್ಕೊಂಡು ಹೋಗ್ತಿದ್ದ."

ಒಂದು ವರ್ಷ ಒಬ್ಬರೇ ಆ ಭಯ ಇಟ್ಟುಕೊಂಡಿದ್ದರು. ನಾವು ಅದಕ್ಕೆ ಮಂಕು ಅಂತ ಹೆಸರಿಟ್ಟಿದ್ದೆವು.

ಏರು ಹತ್ತುವಾಗ ಹೆಚ್ಚು ದುಡಿಯುವುದು ಉಸಿರು, ಎದೆ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಮೈಭಾರ ಹೊತ್ತುಕೊಂಡೇ ಹಿಗ್ಗುತ್ತಾ ಬ್ರೇಕಿನ ಕೆಲಸ ಮಾಡಬೇಕು. ಮೊಣಕಾಲ ಚಿಪ್ಪಿನ ಮೇಲೆ ಒತ್ತಡ ಜಾಸ್ತಿ. ವಯಸ್ಸಾದಂತೆ ಆ ಸ್ನಾಯು ಸೊರಗುತ್ತದೆ, ನಡೆಯುವುದು ಬಿಟ್ಟರೆ ಇನ್ನೂ ಬೇಗ. ಅಂದರೆ ಭಯಕ್ಕೆ ಮನೆಯಲ್ಲಿ ಕೂತಷ್ಟೂ ಇಳಿಜಾರು ನಿಜವಾಗಿಯೂ ಕಷ್ಟವಾಗುತ್ತಾ ಹೋಗುತ್ತದೆ. ಇನ್ನೊಂದು ವಿಷಯ ಅವರ ಕನ್ನಡಕ. ಅದು ಬೈಫೋಕಲ್. ಕೆಳಗಿನ ಅರ್ಧ ಓದುವುದಕ್ಕೆ. ಇಳಿಯುವಾಗ ಮೆಟ್ಟಿಲನ್ನು ಅದರಲ್ಲೇ ನೋಡುತ್ತಿದ್ದರು, ಅಂಚು ಮಸುಕು.

ಮಗನಿಗೆ ಬಿದ್ದ ವಿಷಯ ಅಮ್ಮನೇ ಹೇಳಲಿ ಅಂದೆ, ನನ್ನೆದುರೇ ಹೇಳಿದರು. ಆಮೇಲೆ ನನ್ನ ಸಲಹೆ: ಮುಂದಿನ ಮಳೆಗಾಲ ಕಳೆಯುವವರೆಗೆ ಮನೆ ಬಿಡುವ ಮಾತು ಬೇಡ. ಮೊದಲು ಡಾಕ್ಟರ ಹತ್ತಿರ ಬಿಪಿ, ಮಾತ್ರೆ, ಮೊಣಕಾಲು ತೋರಿಸಿ. ನಡೆಯುವುದಕ್ಕೆ ಬೇರೆ ಕನ್ನಡಕ ಮಾಡಿಸಿ. ದಾರಿಯ ಎರಡೂ ಬದಿ ಹಿಡಿದುಕೊಳ್ಳಲು ಕಬ್ಬಿಣದ ಪೈಪ್ ಹಾಕಿಸಿ, ನಡುವೆ ಕೂರಲು ಒಂದು ಕಲ್ಲು. ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ, ಜಾರುವ ಕಡೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಸಿ. ಹವಾಯಿ ಚಪ್ಪಲಿ ಬಿಡಿಸಿ. ಫಿಸಿಯೋಥೆರಪಿಸ್ಟ್ ಹತ್ತಿರ ಇಳಿಯುವುದನ್ನೇ ಅಭ್ಯಾಸ ಮಾಡಿಸಿ. 65 ದಾಟಿದವರು ವಾರಕ್ಕೆ 3 ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ.

"ಮತ್ತೆ ಬಿದ್ರೆ ನೀವು ಹೊಣೆ ತಗೋತೀರಾ?" ಮಗ ಸಿಟ್ಟಿನಿಂದಲೇ ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು, ರಾತ್ರಿ ನನಗೂ ನಿದ್ದೆ ಬರಲಿಲ್ಲ. ಆದರೂ ಸಲಹೆ ಬದಲಿಸಲಿಲ್ಲ. ಹಿಂದೆ ಅವರ ಫ್ಲ್ಯಾಟಿನಲ್ಲಿ 20 ದಿನ ಇದ್ದಾಗ ಅಮ್ಮ ಗೇಟಿನಾಚೆ ಹೋಗಿರಲಿಲ್ಲ. ಹೊರಗೆ ಚರಂಡಿಯ ಮೇಲೆ ಅಲುಗಾಡುವ ಚಪ್ಪಡಿ, ಮೊಣಕಾಲೆತ್ತರದ ಫುಟ್‌ಪಾತ್, ಅದರ ಮೇಲೆ ಬೈಕು. ಸಮತಟ್ಟು ಊರು ಅಂದ ಮಾತ್ರಕ್ಕೆ ನಡೆಯಲು ಬರುವುದಿಲ್ಲ. ಊರಲ್ಲಾದರೆ ಡೈರಿಯಿದೆ, ಅಲ್ಲಿ ಹೆಸರು ಹಿಡಿದು ಮಾತಾಡಿಸುವವರಿದ್ದಾರೆ. ಹೋಗಲು ಒಂದು ಕಾರಣ ಬೇಕಲ್ವಾ? ಎಲ್ಲರಿಗೂ ಇದೇ ಸಲಹೆ ಕೊಡುತ್ತೇನೆ ಅಂತಲ್ಲ. ನೆನಪು ಕೈಕೊಡುತ್ತಿದ್ದರೆ, ಪದೇ ಪದೇ ಬೀಳುತ್ತಿದ್ದರೆ, ಹತ್ತಿರ ಯಾರೂ ಇಲ್ಲದಿದ್ದರೆ ನಾನೇ ಹೊರಡಿ ಅನ್ನುತ್ತೇನೆ.

ಪೈಪ್ ಹಾಕಿಸಿದರು. ಜೋರು ಮಳೆಯ ದಿನ ಅಮ್ಮ ಹೋಗುವುದಿಲ್ಲ, ಹಾಲು ಪಕ್ಕದ ಮನೆಯ ಹುಡುಗ ಒಯ್ಯುತ್ತಾನೆ. ಉಳಿದ ದಿನ ಹೋಗುತ್ತಾರೆ. ಮೊನ್ನೆ ಮಗ ಫೋನ್ ಮಾಡಿದ್ದರು. ಹಿಂದಿನ ರಾತ್ರಿ ಅಮ್ಮ ತಾವಾಗೇ ಹೇಳಿದರಂತೆ: "ಇವತ್ತು ಕಲ್ಲಿನ ಹತ್ರ ಕಾಲು ಜಾರ್ತು ಕಣೋ. ಪೈಪ್ ಹಿಡ್ಕೊಂಡೆ."